ಪರದೆ ಎರಡಾದರೂ ಓದಿ ಹೇಳುವವರಿಲ್ಲ

ಯಾದಗಿರಿಯ ಬಸ್ ನಿಲ್ದಾಣದಲ್ಲಿ ಯಾವ ಹೊತ್ತಿಗೆ ಹೋಗಿ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಯಪ್ಪಾ, ಈ ಬಸ್ಸು ಶಹಾಪುರಕ್ಕ ಹೋಗ್ತದೇನು?" ಕೇಳುವಾಕೆ ತಲೆ ಮೇಲೆ ಸೆರಗು ಹೊದ್ದ ಮುದುಕಿ ಇರಬಹುದು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ರೈತ ಇರಬಹುದು. ಬಸ್ಸಿನ ನೆತ್ತಿ ಮೇಲೆ ದೊಡ್ಡ ಅಕ್ಷರದ ಬೋರ್ಡು ಇದೆ. ಆದರೂ ಕೇಳುತ್ತಾರೆ. ಪಕ್ಕದಲ್ಲಿ ನಿಂತವನು "ಹೌದವಾ, ಹತ್ತು" ಎನ್ನುತ್ತಾನೆ. ಇಲ್ಲವೇ "ಇದು ಗುರುಮಠಕಲ್ ಗಾಡಿ ಯವ್ವಾ, ನಿಮ್ಮ ಬಸ್ಸು ಆಕಡಿ ನಿಂತದ ನೋಡು" ಎಂದು ಕೈ ತೋರಿಸುತ್ತಾನೆ. ಕೇಳಿದವರಿಗೆ ನಾಚಿಕೆ ಇಲ್ಲ, ಹೇಳಿದವರಿಗೆ ಕಮಿಷನ್ ಇಲ್ಲ. ಓದು ಬಾರದವರು ಊರು ಸೇರುವುದು ಹೀಗೆ, ಬಾಯಿ ಮಾತಿನ ಮೇಲೆ.

ಅದೇ ಮುದುಕಿ ಬಸ್ಸಿಳಿದು ತಾಲೂಕು ಕೇಂದ್ರದ ಒಂದು ಕಂಪ್ಯೂಟರ್ ಅಂಗಡಿ ಮುಂದೆ ನಿಂತಾಗಿನ ಕಥೆ ಬೇರೆ. ಅಲ್ಲಿಯೂ ಆಕೆ ಕೇಳುತ್ತಾಳೆ: "ತಮ್ಮಾ, ನನ್ನ ರೊಕ್ಕ ಬಂದದೇನು ನೋಡು." ಹುಡುಗ ಆಧಾರ್ ಕಾರ್ಡು ಇಸಿದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಪರದೆ ನೋಡಿ "ಇಲ್ಲ ಆಯೀ, ಲಿಂಕ್ ಆಗಿಲ್ಲ" ಎನ್ನುತ್ತಾನೆ. ಯಾವುದಕ್ಕೆ ಯಾವುದು ಲಿಂಕ್ ಆಗಿಲ್ಲ? ಆಕೆಗೆ ಗೊತ್ತಿಲ್ಲ. ಹುಡುಗನಿಗೆ ಹೇಳಲು ಪುರುಸೊತ್ತಿಲ್ಲ, ಹಿಂದೆ ಹತ್ತು ಜನ ಪಾಳಿ ನಿಂತಿದ್ದಾರೆ. 'ಚೆಕ್ ಮಾಡಿದ್ದಕ್ಕೆ' ಇಷ್ಟು, ಪ್ರಿಂಟಿಗೆ ಇಷ್ಟು ಎಂದು ಕೊಟ್ಟು ಮುದುಕಿ ಮತ್ತೆ ಬಸ್ಸಿಗೆ ಬಂದು ನಿಲ್ಲುತ್ತಾಳೆ.

ಬಸ್ಸಿನ ಚಾರ್ಜು ಮಾತ್ರ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಊರಿಂದ ಕಚೇರಿವರೆಗಿನ ಹಾದಿ ಸುಗಮವಾಯಿತು. ಕಚೇರಿಯ ಬಾಗಿಲಿಂದ ಕಾಗದದ ಒಳಗಿನ ಅಕ್ಷರದವರೆಗಿನ ಹಾದಿ ಇನ್ನೂ ಹಾಗೇ ಇದೆ.

ಮುನ್ಷಿ ಹೋದ, ಮುನ್ಷಿ ಬಂದ

ಈ ಭಾಗದ ಜನಕ್ಕೆ ಇದು ಹೊಸ ಸಂಕಟ ಅಲ್ಲ. 1858ರಲ್ಲಿ ಸುರಪುರದ ನಾಯಕರ ಆಳ್ವಿಕೆ ಮುಗಿಯಿತು. 1860ರಲ್ಲಿ ಆ ಸೀಮೆ ನಿಜಾಮರ ಕೈಗೆ ಹೋಯಿತು. 1948ರ ಸೆಪ್ಟೆಂಬರ್‌ವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ ಕೊನೆಯ ದಶಕಗಳಲ್ಲಿ ದಫ್ತರದ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಹೊಲ ಯಾರದು, ಬಾಕಿ ಎಷ್ಟು ಎಂಬುದು ರೈತನಿಗೆ ಬಾರದ ಲಿಪಿಯಲ್ಲಿ ಬರೆದಿರುತ್ತಿತ್ತು. ಓದಿ ಹೇಳಬೇಕಾದವರು ಪಟ್ವಾರಿ ಅಥವಾ ಮುನ್ಷಿ. ಅವರು ಓದಿದ್ದೇ ಕಾಯಿದೆ.

ಇವತ್ತಿಗೂ ಅರ್ಜಿ, ದಸ್ತಾವೇಜು, ನಕಲು, ರಸೀದಿ, ಜಮೀನು, ಬಾಕಿ, ಮುಚ್ಚಳಿಕೆ ಎಂಬ ಮಾತುಗಳು ಅಕ್ಷರ ಬಾರದ ಮುತ್ಯಾನ ಬಾಯಲ್ಲೂ ಸಲೀಸಾಗಿ ಬರುತ್ತವೆ. ಇವನ್ನು ಆತ ಪುಸ್ತಕದಿಂದ ಕಲಿತವನಲ್ಲ. ಕಚೇರಿ ಕಟ್ಟೆ ಮೇಲೆ ಕೂತು, ಕೇಳಿ ಕಲಿತವನು.

1956ರ ನವೆಂಬರ್ 1ರಂದು ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ದಫ್ತರಕ್ಕೆ ಕನ್ನಡ ಬಂತು. ಆದರೆ ಶಾಲೆ ಮೆಟ್ಟಿಲು ಹತ್ತದವನಿಗೆ ಉರ್ದು ಆದರೇನು, ಕನ್ನಡ ಆದರೇನು? ಮುನ್ಷಿಯ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು, ಅರ್ಜಿ ಬರೆಯುವವರು ಬಂದರು, ಬಾಂಡ್ ರೈಟರ್ ಬಂದ. ಈಗ ಕಂಪ್ಯೂಟರ್ ಮುಂದೆ ಹುಡುಗ ಬಂದಿದ್ದಾನೆ. ಕುರ್ಚಿ ಅದೇ, ಕೂತವನು ಬದಲಾಗಿದ್ದಾನೆ.

ರೈತನ ಕಡೆಗೆ ತಿರುಗಿದ ಪರದೆ

ಯಂತ್ರದಿಂದ ಉಪಕಾರವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 'ಭೂಮಿ' ಯೋಜನೆ ಬಂದ ಕಾಲವನ್ನು ಸ್ವಲ್ಪ ನೆನೆಯಬೇಕು. ಅದಕ್ಕೆ ಮೊದಲು ಒಂದು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಇವತ್ತು ಈ ಊರಲ್ಲಿ, ನಾಳೆ ಆ ಊರಲ್ಲಿ. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದ ದಫ್ತರಗಳಲ್ಲಿ ರೈತರ ಹಣೆಬರಹ ಇತ್ತು. 2000ದ ಆಚೀಚೆ ಈ ದಫ್ತರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಭರದಿಂದ ನಡೆಯಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಕೈಗೆ ಬರುವ ಹಾಗಾಯಿತು. ಆಗ ಈ ಮೂರೂ ತಾಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ.

ಆ ಯೋಜನೆ ಮಾಡಿದವರು ಒಂದು ಒಳ್ಳೆಯ ವಿಚಾರ ಮಾಡಿದ್ದರು. ಪಹಣಿ ಕೊಡುವ ಕಿಟಕಿಯಲ್ಲಿ ಎರಡು ಪರದೆ ಇಟ್ಟರು. ಒಂದು ಒಳಗೆ ಕೂತ ಸಿಬ್ಬಂದಿ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ನಡೆದಿದೆ ಎಂಬುದು ಹೊರಗಿನವನಿಗೂ ಕಾಣಲಿ, ಮುಚ್ಚುಮರೆ ಬೇಡ ಎಂಬುದು ಉದ್ದೇಶ. ಅಂತಹ ವಿಚಾರ ಮಾಡಿದವರನ್ನು ಮೆಚ್ಚಲೇಬೇಕು.

ಆದರೆ ರೈತ ಪರದೆ ನೋಡುತ್ತಾನೆ, ನೋಡಿ ಏನು ಮಾಡುತ್ತಾನೆ? 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ರಾಜ್ಯದ ಸರಾಸರಿ 75.36. ಆ ಗಣತಿಯ ಪಟ್ಟಿಯಲ್ಲಿ ರಾಜ್ಯದ ಜಿಲ್ಲೆಗಳ ಪೈಕಿ ಕಟ್ಟಕಡೆಯ ಸ್ಥಾನ ಯಾದಗಿರಿಯದು. ಹೆಂಗಸರ ಲೆಕ್ಕ ಮಾತ್ರ ತೆಗೆದರೆ 100ಕ್ಕೆ 41ರ ಆಸುಪಾಸು. ಅಂದರೆ ಹೊರಗಿನ ಪರದೆ ಮುಂದೆ ನಿಂತ ಇಬ್ಬರಲ್ಲಿ ಒಬ್ಬರಿಗೆ ಅದು ಬರೀ ಬೆಳಕಿನ ಪೆಟ್ಟಿಗೆ. ಕಿಟಕಿ ತೆರೆದಿಟ್ಟರು, ಕಣ್ಣು ಮಾತ್ರ ಯಾರೂ ಕೊಡಲಿಲ್ಲ.

ಅಕ್ಷರ ಬಂದರೂ ಅರ್ಥ ಬರಬೇಕಲ್ಲ

"ಈಗ ಎಲ್ಲರ ಮನ್ಯಾಗೂ ಶಾಲಿಗೆ ಹೋಗೋ ಹುಡುಗ್ರು ಅದಾರ, ಓದಿ ಹೇಳ್ತಾರ ಬಿಡ್ರಿ" ಎನ್ನುವ ಅಂಗಡಿಕಾರರು ಇದ್ದಾರೆ. ಅದೂ ಸ್ವಲ್ಪ ಮಟ್ಟಿಗೆ ನಿಜ. ಆದರೆ ಹತ್ತನೇ ಕ್ಲಾಸು ಪಾಸಾದ ಹುಡುಗನ ಕೈಗೆ ಒಂದು ಪಹಣಿ ಕೊಟ್ಟು ನೋಡಬೇಕು. ಅಕ್ಷರ ಅಕ್ಷರ ಓದುತ್ತಾನೆ. ಮುತ್ಯಾ "ಹಂಗಾರ ಹೊಲ ನಂದು ಅದನೋ ಇಲ್ಲೋ?" ಎಂದು ಕೇಳಿದರೆ ತಲೆ ಕೆರೆಯುತ್ತಾನೆ.

ಪಹಣಿಯಲ್ಲಿ ಎಲ್ಲವನ್ನೂ ನೋಡುವ ಅಗತ್ಯ ಇಲ್ಲ. ನಾಲ್ಕು ಮನೆ ನೋಡಿದರೆ ಸಾಕು. ಕಾಲಂ 9ರಲ್ಲಿ ಹೊಲದ ಒಡೆಯ ಯಾರು, ಅವನ ಪಾಲು ಎಷ್ಟು ಎಕರೆ ಎಷ್ಟು ಗುಂಟೆ ಎಂಬುದಿರುತ್ತದೆ. ಕಾಲಂ 10ರಲ್ಲಿ ಆ ಹೊಲ ಅವನಿಗೆ ಹೇಗೆ ಬಂತು, ಪೌತಿಯಿಂದಲೋ ಖರೀದಿಯಿಂದಲೋ ಎಂಬುದು. ಕಾಲಂ 11ರಲ್ಲಿ ಇತರೆ ಹಕ್ಕು ಮತ್ತು ಋಣ, ಅಂದರೆ ಬ್ಯಾಂಕಿನ ಸಾಲ, ಸೊಸೈಟಿ ಸಾಲದ ಬೋಜಾ. ಕಾಲಂ 12ರಲ್ಲಿ ಸಾಗುವಳಿ ಮಾಡಿದವರು ಯಾರು, ಯಾವ ಬೆಳೆ ಎಂಬುದು.

ಸಾಲ ತೀರಿಸಿ ವರ್ಷಗಳಾದರೂ ಕಾಲಂ 11ರಲ್ಲಿ ಬೋಜಾ ಹಾಗೇ ಉಳಿದ ಪಹಣಿಗಳು ಹಳ್ಳಿ ಹಳ್ಳಿಯಲ್ಲಿ ಸಿಗುತ್ತವೆ. ಮಗಳ ಮದುವೆಗೆ ಹೊಸ ಸಾಲ ಕೇಳಲು ಹೋದಾಗಲೇ ಅದು ಬೆಳಕಿಗೆ ಬರುವುದು. ತೊಗರಿ ಬಿತ್ತಿದ ಹೊಲದಲ್ಲಿ ಹತ್ತಿ ಎಂದು ಬಿದ್ದಿದ್ದರೆ ವಿಮೆ, ಪರಿಹಾರದ ಹೊತ್ತಿನಲ್ಲಿ ತಕರಾರು ಎದ್ದೇ ಏಳುತ್ತದೆ. ಪ್ರತಿ ವರ್ಷ ಒಂದು ಪಹಣಿ ತೆಗೆಸಿ ಈ ನಾಲ್ಕು ಕಾಲಂ ಓದಿಸಿ ಕೇಳಿದ್ದರೆ ಇಂತಹ ತಾಪತ್ರಯ ಮೊದಲೇ ಕಾಣುತ್ತಿತ್ತು. ಆದರೆ ಇದನ್ನು ಹೇಳಿಕೊಡುವ ಪಾಠ ಯಾವ ಶಾಲೆಯ ಪುಸ್ತಕದಲ್ಲಿದೆ? ಅಕ್ಬರನ ತಂದೆ ಯಾರು ಎಂದು ಹುಡುಗನಿಗೆ ಗೊತ್ತು. ಅಪ್ಪನ ಹೊಲದ ಸರ್ವೆ ನಂಬರ್ ಗೊತ್ತಿಲ್ಲ.

ಬ್ಯಾಂಕಿನಿಂದ ಬರುವ ಸಂದೇಶದ ಹಣೆಬರಹವೂ ಇಷ್ಟೇ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರುತ್ತದೆ. 'ಕ್ರೆಡಿಟೆಡ್' ಎಂದರೆ ಜಮಾ, 'ಡೆಬಿಟೆಡ್' ಎಂದರೆ ಖರ್ಚು. ಈ ಎರಡು ಶಬ್ದದ ಫರಕು ಗೊತ್ತಿಲ್ಲದೆ, ರೊಕ್ಕ ಹೋದ ಸಂದೇಶ ನೋಡಿ ರೊಕ್ಕ ಬಂತೆಂದು ಖುಷಿಪಡುವವರು ಇದ್ದಾರೆ. ನಗುವ ಮಾತಲ್ಲ ಇದು.

ತಾಯಿ ಸುರಪುರದಲ್ಲಿ, ಓಟಿಪಿ ಬೆಂಗಳೂರಿನಲ್ಲಿ

ಈ ಜಿಲ್ಲೆಯ ದೊಡ್ಡ ಸಂಗತಿ ಗುಳೆ. ಮಳೆ ಕೈಕೊಟ್ಟ ವರ್ಷ, ಕೈಕೊಡದ ವರ್ಷವೂ, ದುಡಿಯುವ ಕೈಗಳು ಬೆಂಗಳೂರು, ಪುಣೆ, ಮುಂಬಯಿ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಫೋನು ಮಾತ್ರ ಮಗನ ಜೇಬಿನಲ್ಲಿ ಬೆಂಗಳೂರಿಗೆ ಹೋಗುತ್ತದೆ. ತಾಯಿಯ ಆಧಾರ್‌ಗೆ ಜೋಡಿಸಿದ್ದೂ ಅದೇ ನಂಬರು.

ಈಗ ತಾಯಿ ಸುರಪುರದಲ್ಲಿ ಕಂಪ್ಯೂಟರ್ ಅಂಗಡಿ ಮುಂದೆ ನಿಂತಿದ್ದಾಳೆ ಎನ್ನಿ. 2019ರಲ್ಲಿ ಬಂದ ಪಿಎಂ ಕಿಸಾನ್‌ನ ವರ್ಷದ 6 ಸಾವಿರ ಇರಲಿ, 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2 ಸಾವಿರ ಇರಲಿ, ಯಾವುದೋ ಒಂದಕ್ಕೆ ಓಟಿಪಿ ಬೇಕು. ಓಟಿಪಿ ಹೋಗಿ ಬೀಳುವುದು ಬೆಂಗಳೂರಿನಲ್ಲಿ ಹತ್ತನೇ ಅಂತಸ್ತಿನ ಮೇಲೆ ಸೆಂಟ್ರಿಂಗ್ ಹೊಡೆಯುವ ಮಗನ ಫೋನಿಗೆ. ಅವನು ಫೋನು ಎತ್ತುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿರುತ್ತದೆ. "ನಾಳೆ ಬಾ ಆಯೀ" ಎನ್ನುತ್ತಾನೆ ಹುಡುಗ. ಹೆಬ್ಬೆಟ್ಟಿನ ಮೇಲೆ ಕೆಲಸ ನಡೆಯಲಿ ಎಂದರೆ, ನಲವತ್ತು ವರ್ಷ ಕಳೆ ತೆಗೆದ, ಹತ್ತಿ ಬಿಡಿಸಿದ ಬೆರಳಿನ ಗೆರೆ ಎಂದೋ ಸವೆದು ಹೋಗಿದೆ. ಯಂತ್ರ ಆಕೆಯ ಗುರುತು ಹಿಡಿಯುವುದಿಲ್ಲ. ದುಡಿದದ್ದೇ ತಪ್ಪಾಯಿತು ಎನ್ನಬೇಕು.

ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಿಡಿದು ಹಾಕುವುದು ಕಡ್ಡಾಯವಾದಾಗಲೂ ಇದೇ ಪಜೀತಿ. ನೆಟ್‌ವರ್ಕ್ ಸಿಗದ ಹಳ್ಳದ ದಂಡೆಯಲ್ಲಿ ದಿನವಿಡೀ ಮಣ್ಣು ಹೊತ್ತವಳಿಗೆ ತನ್ನ ಹಾಜರಿ ಬಿತ್ತೋ ಇಲ್ಲವೋ ತಿಳಿಯಬೇಕಾದರೆ ಮತ್ತೊಬ್ಬರ ಫೋನನ್ನೇ ನೋಡಬೇಕು.

ಹಿಂದೆ ಕಚೇರಿಗೆ ಹೋದರೆ "ಸಾಹೇಬ್ರು ಟೂರಿನ್ಯಾಗ ಹೋಗ್ಯಾರ" ಎನ್ನುತ್ತಿದ್ದರು. ಸಾಹೇಬರು ಯಾರು ಎಂದು ಜನಕ್ಕೆ ಗೊತ್ತಿತ್ತು, ಅವರು ಒಂದಿಲ್ಲೊಂದು ದಿನ ಟೂರಿನಿಂದ ಬರುತ್ತಿದ್ದರು. ಈಗ "ಸರ್ವರ್ ಇಲ್ಲ" ಎನ್ನುತ್ತಾರೆ. ಈ ಸರ್ವರ್ ಯಾವೂರಿನವನು, ಯಾವಾಗ ಬರುತ್ತಾನೆ, ಯಾರಿಗೂ ಗೊತ್ತಿಲ್ಲ. ಅವನ ಮೇಲೆ ಅರ್ಜಿ ಕೊಡೋಣವೆಂದರೆ ಮೇಜೂ ಇಲ್ಲ, ಕುರ್ಚಿಯೂ ಇಲ್ಲ!

ಅಂಗಡಿಕಾರರೂ ಪಾರಾಗಿಲ್ಲ

ಇದು ಬರೀ ಹಳ್ಳಿ ಮುದುಕಿಯ ಪಾಡು ಎಂದು ಬಜಾರದ ಮಂದಿ ನಿಶ್ಚಿಂತೆಯಿಂದ ಕೂಡುವಂತಿಲ್ಲ. ಯುಪಿಐ ಬಂದದ್ದು 2016ರಲ್ಲಿ. ಇವತ್ತು ಶಹಾಪುರದ ಭಜಿ ಬಂಡಿಯವನ ಹತ್ತಿರವೂ ಕ್ಯೂಆರ್ ಚೀಟಿ ಅಂಟಿಸಿದೆ. ವ್ಯಾಪಾರಕ್ಕೆ ಅನುಕೂಲ ಆಗಿದೆ, ಚಿಲ್ಲರೆ ಜಗಳ ತಪ್ಪಿದೆ. ಆದರೆ "ರೊಕ್ಕ ಹಾಕೀನಿ ನೋಡ್ರಿ ಸಾವ್ಕಾರ್ರ" ಎಂದು ಗಿರಾಕಿ ತೋರಿಸುವ ಚಿತ್ರ ನಂಬಿ ಸಾಮಾನು ಕೊಟ್ಟು ಕೈಸುಟ್ಟುಕೊಂಡವರು ಯಾವ ಪೇಟೆಯಲ್ಲಿಲ್ಲ? ಗಿರಾಕಿಯ ಫೋನಿನಲ್ಲಿ ಹಸಿರು ಗುರುತು ಕಂಡರೆ ಸಾಲದು, ತನ್ನ ಖಾತೆಯಲ್ಲಿ ಜಮಾ ಕಾಣಬೇಕು.

ಇನ್ನೊಂದು ಮಾತು. ರೊಕ್ಕ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ರೊಕ್ಕ ಕಳಿಸುವುದಕ್ಕೆ ಮಾತ್ರ. "ನಿಮಗ ರೊಕ್ಕ ಕಳಸ್ತೀನಿ, ಪಿನ್ ಒತ್ರಿ" ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ ಆತ ಕಳ್ಳ ಎಂದೇ ತಿಳಿಯಬೇಕು. ರೊಕ್ಕ ಹೋಗಿಬಿಟ್ಟರೆ ಅಳುತ್ತಾ ಕೂಡದೆ ಕೂಡಲೇ 1930 ನಂಬರಿಗೆ ಫೋನು ಮಾಡಬೇಕು. ತಡವಾದಷ್ಟೂ ರೊಕ್ಕ ದೂರ ಹೋಗುತ್ತದೆ. ಈ ಮೂರು ಮಾತು ಒಂದು ರಟ್ಟಿನ ಮೇಲೆ ಬರೆದು ಗಲ್ಲಾಪೆಟ್ಟಿಗೆ ಮೇಲೆ ತೂಗುಹಾಕಲು ಎಷ್ಟು ಖರ್ಚು ಬಂದೀತು?

ಹಳ್ಳಿಗಳಲ್ಲಿ ಬೆರಳು ಒತ್ತಿ ರೊಕ್ಕ ತೆಗೆಯುವ ಸಣ್ಣ ಯಂತ್ರದ ವಿಷಯವೂ ಹೀಗೇ. "ಬೆರಳು ಹತ್ತಲಿಲ್ಲ, ಇನ್ನೊಂದು ಸಲ ಒತ್ತು" ಎಂದು ಹೇಳಿ ಎರಡು ಸಲ ಒತ್ತಿಸಿಕೊಂಡರೆ, ಮೊದಲ ಸಲವೇ ರೊಕ್ಕ ಹೋಗಿದೆಯೋ ಏನೋ ಎಂದು ಓದು ಬಾರದವಳು ಹೇಗೆ ತಿಳಿಯಬೇಕು? ಪ್ರಾಮಾಣಿಕವಾಗಿ ನಡೆಯುವ ಏಜೆಂಟರೇ ಬಹಳ ಮಂದಿ ಇದ್ದಾರೆ. ಆದರೆ ಮೋಸ ಮಾಡುವವನನ್ನೂ ಮಾಡದವನನ್ನೂ ಬೇರೆ ಮಾಡಿ ನೋಡಲು ಬಡವರ ಕೈಯಲ್ಲಿ ಇರುವುದು ಚೀಟಿ ಒಂದೇ. ಆ ಚೀಟಿ ಕೊಡುವುದನ್ನೇ ಮರೆಯುತ್ತಾರೆ.

ದೂರದ ಕೀನ್ಯಾ ದೇಶದಲ್ಲಿ 2007ರಲ್ಲಿ ಫೋನಿನ ಮೇಲೆ ರೊಕ್ಕ ಕಳಿಸುವ ಎಂಪೆಸಾ ಎಂಬ ಪದ್ಧತಿ ಬಂತು. ಅದು ಹಬ್ಬಿದ್ದು ಸಣ್ಣ ಸಣ್ಣ ಅಂಗಡಿಕಾರರ ಮೂಲಕ. ಅಲ್ಲಿ ಅಂಗಡಿಯವನ ಹತ್ತಿರ ಒಂದು ದಾಖಲೆ ಪುಸ್ತಕ ಇರುತ್ತಿತ್ತು. ರೊಕ್ಕ ತೆಗೆದವರು ಅದರಲ್ಲಿ ಸಹಿ ಮಾಡುತ್ತಿದ್ದರು, ಫೋನಿಗೂ ಸಂದೇಶ ಬರುತ್ತಿತ್ತು. ಇಬ್ಬರ ಕೈಯಲ್ಲೂ ಪುರಾವೆ. ಬಡ ದೇಶದಲ್ಲಿ ಯಂತ್ರ ನಡೆಯಬೇಕಾದರೆ ಪಕ್ಕದಲ್ಲಿ ನಂಬಿಕೆಯ ಒಂದು ಪುಸ್ತಕವೂ ಇರಬೇಕು ಎಂಬುದು ಅಲ್ಲಿಯ ಪಾಠ.

ಕಾಲುವೆ ನೀರು ಬಲ್ಲವರಿಗೆ ಇದು ಗೊತ್ತು

ನಾರಾಯಣಪುರ ಅಣೆಕಟ್ಟೆಯ ಕಾಲುವೆ ನೀರು ಉಂಡ ಸುರಪುರ, ಶಹಾಪುರ ರೈತರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ನೀರು ಬಿಟ್ಟ ಮಾತ್ರಕ್ಕೆ ಎಲ್ಲರ ಹೊಲಕ್ಕೂ ಮುಟ್ಟುವುದಿಲ್ಲ. ಮೇಲಿನವರು ಮೊದಲು ಹರಿಸಿಕೊಳ್ಳುತ್ತಾರೆ, ಕೊನೆಭಾಗದವರು ಆಕಾಶ ನೋಡುತ್ತಾರೆ. ಅದಕ್ಕೇ ಅಲ್ಲವೇ ವಾರಬಂದಿ ಎಂದು ಪಾಳಿ ಹಚ್ಚಿದ್ದು?

ಮಾಹಿತಿಯೂ ಕಾಲುವೆ ನೀರಿನ ಹಾಗೆಯೇ. ಬೆಂಗಳೂರಿನಲ್ಲಿ ಗೇಟು ತೆರೆಯುತ್ತಾರೆ. ಜಿಲ್ಲಾ ಕೇಂದ್ರ, ತಾಲೂಕು ಕೇಂದ್ರ, ದೊಡ್ಡೂರು, ಓದಿದವರ ಮನೆ, ಹೀಗೆ ಹರಿಯುತ್ತಾ ಹರಿಯುತ್ತಾ ಕೊನೆಯ ಓಣಿಗೆ ಬರುವಷ್ಟರಲ್ಲಿ ಇಂಗಿ ಹೋಗಿರುತ್ತದೆ. ಅರ್ಜಿ ಹಾಕಲು ಕೊನೆಯ ದಿನಾಂಕ ಗೊತ್ತಾಗುವುದು ಆ ದಿನಾಂಕ ಮುಗಿದ ಮೇಲೆ! ಅಣೆಕಟ್ಟೆ ತುಂಬಿದೆ ಎಂದು ಮೇಲಿನವರು ವರದಿ ಬರೆದರೆ ಕೊನೆಭಾಗದ ಹೊಲ ಹಸಿರಾಗುವುದಿಲ್ಲ. ಎಲ್ಲ ಸೇವೆ ಆನ್‌ಲೈನ್ ಆಗಿದೆ ಎಂದು ಬರೆದರೂ ಅಷ್ಟೇ.

ಓದು ಬಾರದವರಿಗೆ ಕಿವಿ ಇಲ್ಲವೇ?

ಹಾಗಾದರೆ ಮಾಡುವುದೇನು? ಎಲ್ಲರೂ ಓದು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುತ್ಯಾ ಅಕ್ಷರ ಕಲಿಯುವವರೆಗೆ ಹೊಲದ ಖಾತೆ ಕಾಯುವುದಿಲ್ಲ. ಅವನಿಗೆ ಕಣ್ಣಿನ ಓದು ಇಲ್ಲದಿದ್ದರೆ ಕಿವಿಯ ಓದು ಕೊಡಬೇಕು.

ಇದು ಕನಸಿನ ಮಾತಲ್ಲ, ನಮ್ಮ ದೇಶದಲ್ಲಿಯೇ ನಡೆದಿದೆ. ರಾಜಸ್ಥಾನದಲ್ಲಿ 1990ರಲ್ಲಿ ಕೂಲಿಕಾರರು, ಸಣ್ಣ ರೈತರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂದಾಳುಗಳು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಊರಲ್ಲಿ ಜನರನ್ನು ಸೇರಿಸಿ ಸರ್ಕಾರಿ ಕಾಮಗಾರಿಗಳ ದಾಖಲೆಯನ್ನು ಗಟ್ಟಿಯಾಗಿ ಓದಿದರು. ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಕೂಲಿ ಪಡೆದಿದ್ದಾರೆ ಎಂದು ಓದುತ್ತಾ ಹೋದ ಹಾಗೆ, ಕೂತ ಜನ ಎದ್ದು ನಿಂತು "ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ" ಎಂದು ಸಾಕ್ಷಿ ಹೇಳಿದರು. ಅಲ್ಲಿ ಸೇರಿದ್ದವರಲ್ಲಿ ಓದು ಬಾರದವರೇ ಬಹಳ. ಆದರೆ ಯಾವ ಲೆಕ್ಕ ಪರಿಶೋಧಕನಿಗೂ ಸಿಗದ ಸುಳ್ಳನ್ನು ಅವರು ಕಿವಿಯಿಂದಲೇ ಹಿಡಿದರು. ಕಾಗದವನ್ನು ಓದಲು ಅಕ್ಷರ ಬೇಕು, ಸುಳ್ಳನ್ನು ಹಿಡಿಯಲು ಊರು ಗೊತ್ತಿದ್ದರೆ ಸಾಕು. ಅಂತಹ ಚಳವಳಿಗಳ ಒತ್ತಾಯದಿಂದಲೇ 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯಿದೆ ಬಂತು.

ಆ ಕಾಯಿದೆಯ 6ನೇ ಕಲಮಿನಲ್ಲಿ ಒಂದು ಮಾತಿದೆ. ಅರ್ಜಿ ಬರೆಯಲು ಬಾರದವರು ಬಾಯಿಂದ ಹೇಳಿದರೆ, ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ಸಹಾಯ ಮಾಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಫೀ ಇಲ್ಲ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಅಂದರೆ ಓದು ಬಾರದವರನ್ನು ಕಾಯಿದೆ ಮರೆತಿಲ್ಲ, ಮರೆತದ್ದು ಕಿಟಕಿಯ ಒಳಗಿನವರು ಮತ್ತು ಹೊರಗಿನವರು, ಇಬ್ಬರೂ.

'ಸಕಾಲ'ದ ಕಥೆಯೂ ಅದೇ. 2011ರ ಕಾಯಿದೆ, 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿ. ಅರ್ಜಿ ಕೊಟ್ಟವರಿಗೆ 15 ಅಂಕಿಯ ನಂಬರಿನ ಸ್ವೀಕೃತಿ ಚೀಟಿ ಕೊಡಬೇಕು. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ಚೀಟಿಯನ್ನು ಕೇಳಿ ಪಡೆಯುವವರು ಎಷ್ಟು ಜನ? ಪಡೆದವರಲ್ಲಿ ಬೀಡಿ ಹಚ್ಚಲು ಬಳಸದೆ ಇಟ್ಟುಕೊಂಡವರು ಎಷ್ಟು ಜನ?

ಸಾರ್ವಜನಿಕರ ಬೇಡಿಕೆ ದೊಡ್ಡದಲ್ಲ

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಾಗಿಲ್ಲ. ನಾಲ್ಕು ಕೆಲಸ ಆದರೆ ಸಾಕು.

ಒಂದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಕಾಗದವನ್ನಾಗಲಿ ಪರದೆಯನ್ನಾಗಲಿ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಬೇಕು. "ಎಷ್ಟು ರೊಕ್ಕ, ಯಾವುದಕ್ಕೆ, ಉಳಿದದ್ದು ಎಷ್ಟು" ಎಂಬ ಮೂರು ಮಾತು ಹೇಳಲು ಒಂದು ನಿಮಿಷ ಹಿಡಿಯುವುದಿಲ್ಲ. ಹೇಳಿದ ಮೇಲೆ ಚೀಟಿ ಕೊಡಬೇಕು.

ಎರಡು, ಸೇವೆ ಕೊಡುವ ಪ್ರತಿ ಅಂಗಡಿಯ ಮುಂದೆ ದರಪಟ್ಟಿ ಇರಬೇಕು. ಯಾವುದು ಪುಕ್ಕಟೆ, ಯಾವುದಕ್ಕೆ ಎಷ್ಟು ಎಂಬುದು ದೊಡ್ಡ ಅಕ್ಷರದಲ್ಲಿ ಕಾಣಬೇಕು. ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ, ಬಸ್ ಬೋರ್ಡು ಓದಿ ಹೇಳಿದ ಹಾಗೆ.

ಮೂರು, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಒಳ್ಳೆಯ ಹೆಸರು ಬಂದಿದೆ. ವಾರಕ್ಕೆ ಒಂದು ದಿನ, ಸಂತೆಯ ದಿನವೇ ಆಗಲಿ, ಅಲ್ಲಿ ಕೂತು ಪಹಣಿ, ಪಾಸ್‌ಬುಕ್, ಫೋನಿನ ಸಂದೇಶ ಪುಕ್ಕಟೆ ಓದಿ ಹೇಳುವ ಏರ್ಪಾಡು ಆಗಬೇಕು. ಕೇಳಿದವರು ನಾಳೆ ತಾವೇ ಓದಲು ಕಲಿತರೆ ಅದಕ್ಕಿಂತ ಬೇರೆ ಏನು ಬೇಕು? ಅಕ್ಷರ ಕಲಿಸಲು ಸ್ವಂತ ಹೊಲದ ಪಹಣಿಗಿಂತ ಒಳ್ಳೆಯ ಪಠ್ಯಪುಸ್ತಕ ಸಿಗುವುದಿಲ್ಲ.

ನಾಲ್ಕು, ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ, ಕಾಮಗಾರಿಗಳ ಲೆಕ್ಕ ಗಟ್ಟಿಯಾಗಿ ಓದಬೇಕು. "ಓದಲಾಗಿದೆ" ಎಂದು ಠರಾವಿನ ಪುಸ್ತಕದಲ್ಲಿ ಬರೆದರೆ ಸಾಲದು. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರು. ಡಂಗುರದವನ ದನಿಗೆ ಸರ್ವರ್ ಬೇಕಾಗಿರಲಿಲ್ಲ, ಅದು ಕೊನೆಯ ಓಣಿಗೂ ಮುಟ್ಟುತ್ತಿತ್ತು. ಇವತ್ತು ಕಸದ ಗಾಡಿಯ ಮೈಕಿನಲ್ಲಿ ಹಾಡು ಬರುತ್ತದೆ. ಅದೇ ಮೈಕಿನಲ್ಲಿ ಅರ್ಜಿಯ ಕೊನೆಯ ದಿನಾಂಕವೂ ಬರಬಾರದೇಕೆ?

ಇನ್ನು ಬಜಾರದವರೂ ಬಸ್ಸಿನವರೂ ಮಾಡಬಹುದಾದ ಕೆಲಸ ಇದ್ದೇ ಇದೆ. ಅಂಗಡಿ ಕಟ್ಟೆಗೆ ಬಂದು "ಸಾವ್ಕಾರ್ರ, ಇದೇನು ಬಂದದ ನೋಡ್ರಿ" ಎಂದು ಫೋನು ಚಾಚಿದವರಿಗೆ ಎರಡು ನಿಮಿಷ ಕೊಟ್ಟು ಓದಿ ಹೇಳಿದರೆ ವ್ಯಾಪಾರ ಕೆಡುವುದಿಲ್ಲ. ಓಟಿಪಿ, ಪಿನ್ ಮಾತ್ರ ಯಾರಿಗೂ ಹೇಳಬೇಡವೆಂದು ಎಚ್ಚರಿಕೆ ಕೊಟ್ಟು ಕಳಿಸಿದರೆ ಇನ್ನೂ ಒಳಿತು. ಹಾಗೆ ಓದಿ ಹೇಳುವ ಅಂಗಡಿಯ ಹೆಸರು ಹತ್ತು ಹಳ್ಳಿಗೆ ಗೊತ್ತಾಗುತ್ತದೆ, ಕಿರಾಣಿ ಸಾಮಾನಿಗೂ ಜನ ಅಲ್ಲಿಗೇ ಬರುತ್ತಾರೆ.

ಮುನ್ಷಿಯ ಕಾಲದಿಂದ ಈ ಸೀಮೆಯ ಬಡವರು ಹೆಬ್ಬೆಟ್ಟು ಒತ್ತುತ್ತಾ ಬಂದಿದ್ದಾರೆ. ಆಗ ಮಸಿಯ ಪ್ಯಾಡು ಇತ್ತು, ಬೆರಳು ಕರಿ ಆಗುತ್ತಿತ್ತು, ಒತ್ತಿದ್ದಕ್ಕೆ ಅದೇ ಗುರುತು. ಈಗ ಗಾಜಿನ ಯಂತ್ರ. ಬೆರಳಿಗೆ ಮಸಿಯೂ ಹತ್ತುವುದಿಲ್ಲ, ಒತ್ತಿದ್ದಕ್ಕೆ ಪುರಾವೆಯೂ ಉಳಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ "ಇದು ನಿಮ್ಮ ಬಸ್ಸು ಅಲ್ಲ ಯವ್ವಾ" ಎಂದು ಹೇಳುವಷ್ಟು ಪ್ರಾಮಾಣಿಕತೆ ಈ ಊರುಗಳಲ್ಲಿ ಇನ್ನೂ ಉಳಿದಿದೆ. ಅದು ನಿಲ್ದಾಣದ ಗೇಟು ದಾಟಿ ಕಚೇರಿಯ ಕಿಟಕಿವರೆಗೆ, ಕಂಪ್ಯೂಟರ್ ಅಂಗಡಿಯ ಮೇಜಿನವರೆಗೆ ಬರಬೇಕು.

ಪರದೆ ರೈತನ ಕಡೆಗೆ ತಿರುಗಿಸಿ ಇಪ್ಪತ್ತು ವರ್ಷದ ಮೇಲಾಯಿತು. ಅದರಲ್ಲಿ ಏನು ಬರೆದಿದೆ ಎಂದು ಅವನಿಗೆ ಓದಿ ಹೇಳುವುದು ಯಾವಾಗ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?